ವಿಶೇಷ ಶಿಕ್ಷಕರ ತರಬೇತಿ: ಕೊಡಗಿನಿಂದ ಮೈಸೂರಿಗೆ ಒಂದು ಹಾದಿ

ಶಿಕ್ಷಕರ ತರಬೇತಿ ಎಂದೊಡನೆ ಕೊಡಗಿನವರಿಗೆ ನೆನಪಾಗುವ ಊರು ಕೂಡಿಗೆ. ಅಲ್ಲಿರುವ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ ಜಿಲ್ಲೆಯ ಶಾಲೆಗಳ ಶಿಕ್ಷಕರಿಗೆ ಚಿರಪರಿಚಿತ. ಆದರೆ ಕಿವಿ ಕೇಳದ, ಕಣ್ಣು ಕಾಣದ ಅಥವಾ ಬುದ್ಧಿಯ ಬೆಳವಣಿಗೆ ನಿಧಾನವಾದ ಮಗುವಿಗೆ ಕಲಿಸುವ ಶಿಕ್ಷಕರು ಎಲ್ಲಿ ತಯಾರಾಗುತ್ತಾರೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೊರಟರೆ ಹಾದಿ ಬಹುತೇಕ ಮಡಿಕೇರಿಯಿಂದ 120 ಕಿಲೋಮೀಟರ್ ದೂರದ ಮೈಸೂರಿನತ್ತ ಸಾಗುತ್ತದೆ. ಆ ಹಾದಿಗೆ ಒಂದು ಇತಿಹಾಸವಿದೆ.

ದಯೆಯಿಂದ ವಿದ್ಯೆಗೆ

ಇಂಥ ಮಕ್ಕಳೂ ಕಲಿಯಬಲ್ಲರು ಎಂಬ ವಿಚಾರವೇ ಹೆಚ್ಚು ಹಳೆಯದಲ್ಲ. ಹದಿನೆಂಟನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಪಾದ್ರಿ ಲೆಪೇ ಅವರು ಕಿವುಡ ಮಕ್ಕಳಿಗೆ ಕೈಸನ್ನೆಗಳ ಮೂಲಕ ಪಾಠ ಹೇಳಿದರು. ಅದೇ ನಗರದಲ್ಲಿ ಓದಿದ ಅಂಧ ವಿದ್ಯಾರ್ಥಿ ಲೂಯಿ ಬ್ರೈಲ್ 1829ರಲ್ಲಿ ತನ್ನ ಚುಕ್ಕಿ ಲಿಪಿಯನ್ನು ಪ್ರಕಟಿಸಿದನು. ಭಾರತದಲ್ಲಿ ಇಂಥ ಶಾಲೆಗಳು 1880ರ ದಶಕದಲ್ಲಿ ಮುಂಬಯಿ, ಅಮೃತಸರಗಳಲ್ಲಿ ಆರಂಭವಾದವು. ಮೈಸೂರು ಸಂಸ್ಥಾನದಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ 1901ರಲ್ಲಿ ಸ್ಥಾಪನೆಯಾಯಿತು.

ಆ ಕಾಲದ ಶಿಕ್ಷಕರಿಗೆ ಪದವಿ ಇರಲಿಲ್ಲ. ಹಿರಿಯ ಶಿಕ್ಷಕರ ಜೊತೆಯಲ್ಲಿದ್ದು, ನೋಡಿ, ಮಾಡಿ ಕಲಿಯಬೇಕಿತ್ತು. ಬಡಗಿಯ ಮಗ ಬಡಗಿತನ ಕಲಿತಂತೆ! ಕೆಲವರು ಅದ್ಭುತವಾಗಿ ಕಲಿಸಿದರು. ಆದರೆ ಅವರ ಅನುಭವ ಅವರೊಂದಿಗೇ ಮುಗಿಯುತ್ತಿತ್ತು. ಸಮಾಜವೂ ಈ ಕೆಲಸವನ್ನು ಪುಣ್ಯಕಾರ್ಯವೆಂದು ಗೌರವಿಸಿತೇ ಹೊರತು ಒಂದು ವಿದ್ಯೆಯೆಂದು ಎಣಿಸಲಿಲ್ಲ.

ವಿಶ್ವವಿದ್ಯಾನಿಲಯದ ಬಾಗಿಲು

1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಸಂಸ್ಥೆಯೊಂದು ಈ ಚಿತ್ರವನ್ನು ಬದಲಿಸತೊಡಗಿತು. ಅದೇ ಇಂದಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ. 1966ರಲ್ಲಿ ಅದರ ಕಟ್ಟಡಕ್ಕೆ ಶಂಕುಸ್ಥಾಪನೆ ಮಾಡಿದವರು ರಾಷ್ಟ್ರಪತಿ ಸರ್ವೇಪಲ್ಲಿ ರಾಧಾಕೃಷ್ಣನ್. ಹಿಂದೊಮ್ಮೆ ಮೈಸೂರು ವಿಶ್ವವಿದ್ಯಾನಿಲಯದಲ್ಲೇ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು ಅವರು. ಅದೇ ವಿಶ್ವವಿದ್ಯಾನಿಲಯದ ಅಡಿಯಲ್ಲಿ ಈ ಸಂಸ್ಥೆ ವಾಕ್ ಮತ್ತು ಶ್ರವಣ ವಿಜ್ಞಾನದಲ್ಲಿ ಪದವಿ ನೀಡತೊಡಗಿತು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಮೊದಲು ಬಂದದ್ದು ದೋಷವನ್ನು ಪತ್ತೆಹಚ್ಚುವವರ ಪದವಿ. ಶ್ರವಣದೋಷವುಳ್ಳ ಮಕ್ಕಳ ತರಗತಿಯಲ್ಲಿ ನಿಂತು ಪಾಠ ಮಾಡುವವರಿಗಾಗಿ ವಿಶೇಷ ಶಿಕ್ಷಣದ ಬಿ.ಎಡ್. ಅಲ್ಲಿಗೆ ಬಂದದ್ದು ಎರಡು ಸಾವಿರದ ನಂತರ. ಪರೀಕ್ಷಿಸುವವರಿಗೂ ಕಲಿಸುವವರಿಗೂ ನಡುವೆ ಸುಮಾರು ನಾಲ್ಕು ದಶಕಗಳ ಅಂತರ!

ಈ ನಡುವೆ ಕಾನೂನು ಬದಲಾಯಿತು. 1992ರಲ್ಲಿ ಸಂಸತ್ತು ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆಯನ್ನು ಅಂಗೀಕರಿಸಿತು. ಮರುವರ್ಷ ಅದು ಜಾರಿಗೆ ಬಂತು. ವೈದ್ಯರು ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳುವಂತೆ ವಿಶೇಷ ಶಿಕ್ಷಕರೂ ಈ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳಬೇಕಾಯಿತು. ನೋಂದಣಿಯಿಲ್ಲದೆ ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ಸಾವಿರ ರೂಪಾಯಿವರೆಗೆ ದಂಡ ಎಂದು ಕಾಯಿದೆ ಹೇಳಿತು. ಪುಣ್ಯಕಾರ್ಯ ಹೀಗೆ ವೃತ್ತಿಯಾಯಿತು.

ಏನನ್ನು ಕಲಿಯುತ್ತಾರೆ?

ತಾಳ್ಮೆಯೊಂದಿದ್ದರೆ ಸಾಲದೇ, ಪದವಿ ಏಕೆ ಎಂದು ಕೇಳುವವರಿದ್ದಾರೆ. ಒಂದು ಉದಾಹರಣೆ ನೋಡೋಣ. ನಮ್ಮ ಮಾತಿನಲ್ಲಿ ‘ಅ’, ‘ಊ’ ಮುಂತಾದ ಸ್ವರಗಳ ಶಕ್ತಿ ಬಹುಮಟ್ಟಿಗೆ ಕಡಿಮೆ ಕಂಪನಾಂಕದಲ್ಲಿರುತ್ತದೆ. ‘ಸ’, ‘ಶ’ಗಳದ್ದು ಬಹಳ ಹೆಚ್ಚಿನ ಕಂಪನಾಂಕ. ಹೆಚ್ಚಿನ ಕಂಪನಾಂಕದ ಧ್ವನಿಯನ್ನು ಮಾತ್ರ ಗ್ರಹಿಸಲಾರದ ಮಗು ಹೆಸರು ಕರೆದರೆ ತಿರುಗಿ ನೋಡುತ್ತದೆ. ಬಾಗಿಲು ಬಡಿದರೆ ಬೆಚ್ಚುತ್ತದೆ. ಆದರೆ ‘ಸರಿ’ ಎಂದರೂ ‘ಅರಿ’ ಎಂದರೂ ಅದಕ್ಕೆ ಒಂದೇ. ಕಿವಿ ಸರಿಯಿದೆ, ಹುಡುಗನಿಗೆ ಗಮನವಿಲ್ಲ ಎಂದು ಮನೆಯವರೂ ಶಾಲೆಯವರೂ ತೀರ್ಮಾನಿಸಿಬಿಡುತ್ತಾರೆ. ಶ್ರವಣ ಪರೀಕ್ಷೆಯ ನಕ್ಷೆಯನ್ನು ಓದಬಲ್ಲ ಶಿಕ್ಷಕಿ ಮಾತ್ರ ನಿಜ ಕಾರಣವನ್ನು ಹೇಳಬಲ್ಲಳು.

ಬೌದ್ಧಿಕ ಅಂಗವಿಕಲತೆಯುಳ್ಳ ಮಕ್ಕಳ ಪಾಠವೂ ಹೀಗೆಯೇ. ಕೈ ತೊಳೆಯುವುದು ನಮಗೆ ಒಂದೇ ಕೆಲಸ. ಶಿಕ್ಷಕಿಗೆ ಅದು ಹತ್ತಾರು ಹೆಜ್ಜೆ: ನಲ್ಲಿ ತಿರುಗಿಸುವುದು, ಕೈ ಒದ್ದೆ ಮಾಡುವುದು, ಸೋಪು ಹಿಡಿಯುವುದು, ಉಜ್ಜುವುದು, ನಲ್ಲಿ ನಿಲ್ಲಿಸುವುದು. ಮಗು ಯಾವ ಹೆಜ್ಜೆಯಲ್ಲಿ ತಡೆಯುತ್ತದೆ ಎಂದು ದಿನವೂ ಬರೆದಿಟ್ಟು, ಆ ಹೆಜ್ಜೆಯನ್ನಷ್ಟೇ ಮತ್ತೆ ಮತ್ತೆ ಕಲಿಸಬೇಕು. ಪ್ರತಿ ಮಗುವಿಗೂ ಬೇರೆಬೇರೆ ಯೋಜನೆ, ಬೇರೆಬೇರೆ ಪುಸ್ತಕ. ದೂರದರ್ಶನದ ತೆರೆಯ ಮೇಲೆ ಮಗುವಿನ ನಗೆಯನ್ನು ತೋರಿಸುವುದು ಸುಲಭ. ಆ ನಗೆಯ ಹಿಂದಿರುವ ಈ ಪುಸ್ತಕವನ್ನು ತೋರಿಸುವುದು ಕಷ್ಟ.

ಕೊಡಗಿನ ಕಷ್ಟ, ಕೊಡಗಿನ ಭಾಷೆ

2011ರ ಜನಗಣತಿಯ ಪ್ರಕಾರ ಕೊಡಗಿನ ಜನಸಂಖ್ಯೆ 5,54,519. ಅದೇ ಗಣತಿ ದೇಶದ ಜನರಲ್ಲಿ ಶೇಕಡಾ 2.21ರಷ್ಟು ಮಂದಿಯನ್ನು ಅಂಗವಿಕಲರೆಂದು ಗುರುತಿಸಿತು. ಇದೇ ಪ್ರಮಾಣವನ್ನು ಇಟ್ಟುಕೊಂಡರೆ ಈ ಸಣ್ಣ ಜಿಲ್ಲೆಯಲ್ಲೂ ಎಲ್ಲ ವಯಸ್ಸಿನವರು ಸೇರಿ ಸುಮಾರು ಹನ್ನೆರಡು ಸಾವಿರ ಮಂದಿಯಾಗುತ್ತಾರೆ. ಆದರೆ ಮನೆಗಳು ತೋಟಗಳ ನಡುವೆ ಒಂಟೊಂಟಿಯಾಗಿವೆ, ಮಳೆಗಾಲ ದೀರ್ಘ. ಸುಂಟಿಕೊಪ್ಪದಲ್ಲಿ ಕೂರ್ಗ್ ಫೌಂಡೇಶನ್ನಿನ ‘ಸ್ವಸ್ಥ’, ಪಾಲಿಬೆಟ್ಟದ ಚೆಶೈರ್ ಹೋಂ ಮುಂತಾದ ಕಡೆ ವಿಶೇಷ ಮಕ್ಕಳ ಶಾಲೆಗಳು ನಡೆದುಬಂದಿವೆ. ಶಾಲೆಗೆ ಬರಲಾಗದ ಮಕ್ಕಳಿಗಾಗಿ ಸರ್ವ ಶಿಕ್ಷಣ ಅಭಿಯಾನದ ಕಾಲದಿಂದ ಗೃಹಾಧಾರಿತ ಶಿಕ್ಷಣದ ವ್ಯವಸ್ಥೆಯೂ ಬಂತು.

ಇನ್ನೊಂದು ಕಷ್ಟ ಭಾಷೆಯದು. ಕೊಡಗಿನ ಮಗು ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಯರವ, ಮಲಯಾಳ, ತುಳು, ತಮಿಳು, ಹೀಗೆ ಯಾವುದನ್ನಾದರೂ ಕೇಳುತ್ತಿರಬಹುದು. ತರಬೇತಿ ನಡೆಯುವುದು ಕನ್ನಡ, ಇಂಗ್ಲಿಷುಗಳಲ್ಲಿ. ಮಾತು ತಡವಾದ ಮಗುವಿಗೆ ಮೊದಲ ಪದ ಬರಬೇಕಾದದ್ದು ತಾಯಿಯ ತುಟಿಯಿಂದ. ಆ ತಾಯಿಯ ಮಾತನ್ನೇ ಅರಿಯದ ಶಿಕ್ಷಕಿ, ಎಷ್ಟೇ ಓದಿರಲಿ, ಅರ್ಧ ದಾರಿಯಲ್ಲಿ ನಿಲ್ಲುತ್ತಾಳೆ. ಊರಿನವರೇ ಆದ, ಆದರೆ ತರಬೇತಿಯಿಲ್ಲದ ಶಿಕ್ಷಕಿ ಉಳಿದರ್ಧದಲ್ಲಿ ನಿಲ್ಲುತ್ತಾಳೆ. ವಿದ್ಯೆ ಮತ್ತು ಊರಿನ ಮಾತು ಎರಡೂ ಒಬ್ಬರಲ್ಲೇ ಕೂಡಬೇಕು. ಆದ್ದರಿಂದ ಕೊಡಗಿನ ಹುಡುಗ ಹುಡುಗಿಯರೇ ಈ ಪದವಿ ಓದಬೇಕು, ಓದಿ ಮರಳಬೇಕು.

ಮುಂದಿನ ಪಾಠ

ಮರಳಿದರೆ ಕೆಲಸವಿದೆಯೇ? 2021ರಲ್ಲಿ ಸರ್ವೋಚ್ಚ ನ್ಯಾಯಾಲಯ ಸಾಮಾನ್ಯ ಶಾಲೆಗಳಲ್ಲೂ ವಿಶೇಷ ಶಿಕ್ಷಕರಿರಬೇಕೆಂದು ತೀರ್ಪು ನೀಡಿತು. 2022ರಲ್ಲಿ ಕೇಂದ್ರ ಸರ್ಕಾರ ಪ್ರಾಥಮಿಕ ಹಂತದಲ್ಲಿ ಇಂಥ ಹತ್ತು ಮಕ್ಕಳಿಗೆ ಒಬ್ಬರು, ಹಿರಿಯ ಪ್ರಾಥಮಿಕದಲ್ಲಿ ಹದಿನೈದಕ್ಕೆ ಒಬ್ಬರು ಎಂದು ನಿಗದಿಮಾಡಿತು. 2025ರಲ್ಲಿ ನ್ಯಾಯಾಲಯ ಹುದ್ದೆಗಳನ್ನು ಸೃಷ್ಟಿಸುವಂತೆ ರಾಜ್ಯಗಳಿಗೆ ಮತ್ತೊಮ್ಮೆ ಹೇಳಬೇಕಾಯಿತು. ಕಾಗದದ ಮೇಲಿನ ಲೆಕ್ಕ ತರಗತಿಗೆ ತಲುಪುವುದು ನಿಧಾನ ಎಂಬುದಕ್ಕೆ ಇದೇ ಸಾಕ್ಷಿ.

ಚಿಕ್ಕಅಳುವಾರದಲ್ಲಿ 2023ರಲ್ಲಿ ಕೊಡಗು ವಿಶ್ವವಿದ್ಯಾನಿಲಯ ತಲೆಯೆತ್ತಿತು. ಎರಡೇ ವರ್ಷಗಳಲ್ಲಿ, 2025ರಲ್ಲಿ, ಅದನ್ನು ಮುಚ್ಚುವ ಶಿಫಾರಸೂ ಬಂದು ದೊಡ್ಡ ಚರ್ಚೆಯಾಯಿತು. ಒಂದು ಜಿಲ್ಲೆಗೆ ವಿಶ್ವವಿದ್ಯಾನಿಲಯ ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರಗಳು ಹಲವು. ಊರಿನ ಮಕ್ಕಳ ಮಾತು ಬಲ್ಲ ವಿಶೇಷ ಶಿಕ್ಷಕರನ್ನು ಊರಿನಲ್ಲೇ ತಯಾರು ಮಾಡುವುದು ಆ ಉತ್ತರಗಳಲ್ಲಿ ಒಂದಾಗಬಹುದು.

ವಿದ್ಯಾರ್ಥಿ ಮಿತ್ರರೇ, ಪಿ.ಯು.ಸಿ., ಪದವಿ ಮುಗಿಸಿ ಮುಂದೇನು ಎಂದು ಯೋಚಿಸುವಾಗ ಎಂಜಿನಿಯರಿಂಗ್, ವೈದ್ಯಕೀಯ, ಬ್ಯಾಂಕು ಇವುಗಳ ಜೊತೆ ಈ ವೃತ್ತಿಯನ್ನೂ ಪಟ್ಟಿಗೆ ಸೇರಿಸಿಕೊಳ್ಳಿ. ಸೇರುವ ಮುನ್ನ ಆ ಕಾಲೇಜಿಗೆ ಪುನರ್ವಸತಿ ಪರಿಷತ್ತಿನ ಮನ್ನಣೆ ಇದೆಯೇ ಎಂದು ತಪ್ಪದೆ ವಿಚಾರಿಸಿ. ಹತ್ತಿರದ ವಿಶೇಷ ಶಾಲೆಯಲ್ಲಿ ಅನುಮತಿ ಪಡೆದು ಒಂದು ದಿನ ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತು ನೋಡಿ. ಒಂದು ಮಗು ತಾನೇ ನಲ್ಲಿ ನಿಲ್ಲಿಸಲು ಕಲಿಯುವುದಕ್ಕೆ ಎಷ್ಟು ವಿಜ್ಞಾನ, ಎಷ್ಟು ದಿನ ಬೇಕೆಂಬುದು ಅಲ್ಲಿ ತಿಳಿಯುತ್ತದೆ.