ಓಲೆಕಾರನ ಕಾಲು, ವಾರಕರಿಯ ಮುಕ್ಕಾಂ

1333ರಲ್ಲಿ ಹಿಂದೂಸ್ತಾನಕ್ಕೆ ಬಂದ ಮೊರಾಕ್ಕೊದ ಇಬ್ನ್ ಬತೂತ ಇಲ್ಲಿಯ ಟಪಾಲು ನೋಡಿ ಬೆರಗಾಗಿದ್ದ. ಟಪಾಲಿನಲ್ಲಿ ಎರಡು ಥರ: ಕುದುರೆಯದ್ದು ಒಂದು, ಕಾಲಾಳಿನದ್ದು ಒಂದು. ಎರಡರಲ್ಲಿ ಜೋರು ಯಾವುದು ಗೊತ್ತಾ? ಕಾಲಾಳಿನದ್ದು! ಮೈಲಿಗೆ ಮೂರು ಚೌಕಿ. ಓಡುವವನ ಒಂದು ಕೈಯಲ್ಲಿ ಪತ್ರ, ಇನ್ನೊಂದರಲ್ಲಿ ಎರಡು ಮೊಳದ ಕೋಲು, ಕೋಲಿನ ತುದಿಗೆ ತಾಮ್ರದ ಗೆಜ್ಜೆ. ಗೆಜ್ಜೆ ಸಪ್ಪಳ ಕಿವಿಗೆ ಬಿದ್ದ ಕೂಡಲೇ ಮುಂದಿನ ಚೌಕಿಯವನು ಸೊಂಟ ಬಿಗಿದು ತಯಾರಾಗುತ್ತಿದ್ದ. ಮುಹಮ್ಮದ್ ಬಿನ್ ತುಘಲಕ್ ದೌಲತಾಬಾದಿನಲ್ಲಿದ್ದಾಗ ಅವನು ಕುಡಿಯುವ ಗಂಗೆಯ ನೀರು ಕೂಡ 40 ದಿನದ ಹಾದಿ ದಾಟಿ ಬರುತ್ತಿತ್ತಂತೆ.

ಆಗ ನಮ್ಮ ಕಲಬುರಗಿ ಸೀಮೆಯೂ ತುಘಲಕರ ಕೈಯಲ್ಲೇ ಇತ್ತು. 1347ರಲ್ಲಿ ಬಹಮನಿ ಸುಲ್ತಾನರು ಬಂದರು, ಕಲಬುರಗಿಯೇ ರಾಜಧಾನಿಯಾಯಿತು. ದೊರೆಗಳು ಬದಲಾದರೂ ಓಲೆ ಹೊತ್ತು ಓಡುವವರು ಹೋಗಲಿಲ್ಲ. ಮುಂದೆ ಕಂಪನಿ ಸರ್ಕಾರದ ಕಾಲಕ್ಕೂ ಆರೆಂಟು ಮೈಲಿಗೆ ಒಬ್ಬನಂತೆ ಓಟಗಾರರು ಟಪಾಲು ಚೀಲ ಸಾಗಿಸುತ್ತಿದ್ದರು. 1871ರಲ್ಲಿ ಸೊಲ್ಲಾಪುರದ ಕಡೆಯಿಂದ ಕಲಬುರಗಿ ಮೇಲೆ ರಾಯಚೂರಿಗೆ ರೈಲು ಬಂತು. ದೊಡ್ಡ ಚೀಲ ರೈಲು ಹತ್ತಿತು. ಸ್ಟೇಷನ್ನಿನಿಂದ ಹಳ್ಳಿಗೆ ಮಾತ್ರ ಕಾಲೇ ಗತಿ.

ಅಂದರೆ ಆಳಂದ, ಅಫಜಲಪುರ, ಜೇವರ್ಗಿ ಕಡೆ ಓಟ ಅನ್ನೋದು ಮೊದಲು ಹೊಟ್ಟೆಪಾಡು, ಹವ್ಯಾಸ ಆಮೇಲೆ. ಬೆಂಗಳೂರಿನಲ್ಲಿ ಕೂತು ವರ್ಷಕ್ಕೆ ನಾಲ್ಕು ಟ್ರೇಲ್ ರೇಸ್ ಪ್ಲ್ಯಾನ್ ಮಾಡುವ ನನ್ನಂಥವರು ಹುಟ್ಟಿದ್ದು ಮೊನ್ನೆ ಮೊನ್ನೆ.

ಈ ಇತಿಹಾಸ ಕೆದಕಲು ಕಾರಣ ನನ್ನ ಎಡಗಾಲು. ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿಹಾಕುವ ದಪ್ಪ ಹುರಿ ಇದೆಯಲ್ಲ, ಅಕಿಲಿಸ್ ಅಂತಾರೆ, ಅದು ಬಾತು ಕೂತಿದೆ. ಬೆಳಿಗ್ಗೆ ಹಾಸಿಗೆಯಿಂದ ಇಳಿದರೆ ಮೊದಲ ಹತ್ತು ಹೆಜ್ಜೆ ಗೋಡೆ ಹಿಡಿದೇ ಇಡಬೇಕು. ಎಕ್ಸೆಲ್ ಶೀಟಿನಲ್ಲಿ ನಾಲ್ಕು ರೇಸ್ ಹಾಗೇ ಇವೆ. ಇನ್ನು ಈ ವರ್ಷವನ್ನು ಹೇಗೆ ಹಂಚೋದು ಅನ್ನೋದೇ ಪ್ರಶ್ನೆ.

ನಮ್ಮ ಫೀಲ್ಡಿನವರಿಗೆ ಟಪಾಲು ಚೌಕಿ ಸಟ್ಟನೆ ಅರ್ಥವಾಗುತ್ತೆ. ಅದು ಶುದ್ಧ ಬ್ಯಾಕಪ್ ವ್ಯವಸ್ಥೆ. ಒಂದು ಸರ್ವರ್ ಬಿದ್ದರೆ ಇನ್ನೊಂದು ಎದ್ದು ನಿಲ್ಲುತ್ತೆ, ಕೆಲಸ ನಿಲ್ಲಲ್ಲ. ಆದರೆ ಆ ವ್ಯವಸ್ಥೆ ಕಾಪಾಡಿದ್ದು ಪತ್ರವನ್ನು, ಕಾಲನ್ನಲ್ಲ. ಓಲೆಕಾರನ ಕಾಲು ಉಳುಕಿದರೆ ಆ ಜಾಗಕ್ಕೆ ಇನ್ನೊಬ್ಬ. ಮೊದಲಿನವನು ಆಮೇಲೆ ಹೇಗೆ ನಡೆದ, ಏನು ತಿಂದ ಅಂತ ಬರೆದಿಡಬೇಕು ಅಂತ ಯಾವ ದರ್ಬಾರಿಗೂ ಅನಿಸಲಿಲ್ಲ. ನನಗೋ ಮುಂದಿನ ಚೌಕಿಯಲ್ಲಿ ಬದಲಿ ಕಾಲು ಕಾಯುತ್ತಾ ಕೂತಿಲ್ಲ. ಹಂಗಾಗಿ ಓಲೆಕಾರನ ಲೆಕ್ಕ ನನಗೆ ಬರಲ್ಲ.

ಇನ್ನೊಂದು ಲೆಕ್ಕ ನಮ್ಮ ಕಡೆಯೇ ಇದೆ. ಪ್ರತಿ ಆಷಾಢಕ್ಕೆ ನಮ್ಮ ಗಡಿ ಊರುಗಳಿಂದ ದಿಂಡಿಗಳು ಪಂಢರಪುರಕ್ಕೆ ಹೊರಡುತ್ತವೆ. ಇವುಗಳಲ್ಲೆಲ್ಲ ದೊಡ್ಡದು ಪುಣೆ ಹತ್ತಿರದ ಆಳಂದಿಯಿಂದ ಬರುವ ಜ್ಞಾನೇಶ್ವರ ಪಾಲಕಿ. (ನಮ್ಮ ಆಳಂದ ಬೇರೆ, ಆ ಆಳಂದಿ ಬೇರೆ.) ಅದನ್ನು ಈಗಿನ ರೂಪಕ್ಕೆ ತಂದವರು 19ನೇ ಶತಮಾನದ ಹೈಬತರಾವ್ ಬಾಬಾ. ಸುಮಾರು 250 ಕಿ.ಮೀ, ಸುಮಾರು 20 ದಿನ. ಭಾಗಿಸಿ ನೋಡಿ, ದಿನಕ್ಕೆ ಹನ್ನೆರಡು-ಹದಿಮೂರು ಕಿಲೋಮೀಟರ್ ಅಷ್ಟೇ. ಶುರುವಾದ ಮರುದಿನವೇ ಪುಣೆಯಲ್ಲಿ ಎರಡು ರಾತ್ರಿ ಮುಕ್ಕಾಂ. ದಿವೆ ಘಾಟು ಹತ್ತುವ ದಿನ ಎಲ್ಲಕ್ಕಿಂತ ಉದ್ದ, ಅದಾದ ಮೇಲೆ ಸಾಸವಡದಲ್ಲಿ ಮತ್ತೆ ಎರಡು ರಾತ್ರಿ. ಕಠಿಣ ದಿನದ ಬೆನ್ನಿಗೇ ವಿಶ್ರಾಂತಿ! ಯಾವ ಕೋಚ್ ಬರೆದುಕೊಟ್ಟದ್ದೂ ಅಲ್ಲ ಇದು. ಎಪ್ಪತ್ತರ ಮುದುಕಿ ತಲೆ ಮೇಲೆ ತುಳಸಿ ಕಟ್ಟೆ ಹೊತ್ತು ಜೊತೆಗೆ ಬರ್ತಾಳೆ ಅಂದ ಮೇಲೆ ದಿಂಡಿ ಅವಳ ಹೆಜ್ಜೆಗೇ ಹೊಂದಬೇಕು.

ಹಾಗಾದರೆ ಟ್ರೇಲ್ ರೇಸಿಗೆ ಈ ಬುದ್ಧಿ ಇಲ್ಲವೇ? ಇದೆ, ಆದರೆ ಅದು ಬಂದದ್ದು ಕುದುರೆಯಿಂದ. ಕ್ಯಾಲಿಫೋರ್ನಿಯಾದಲ್ಲಿ 1955ರಿಂದ 100 ಮೈಲಿಯ ಕುದುರೆ ಸವಾರಿ ಸ್ಪರ್ಧೆ ನಡೆಯುತ್ತಿದೆ, ಹೆಸರು ಟೆವಿಸ್ ಕಪ್. 1973ರಲ್ಲಿ ಗಾರ್ಡಿ ಐನ್ಸ್‌ಲೀ ಅನ್ನುವವನ ಕುದುರೆ ಅರ್ಧ ದಾರಿಗೂ ಮುಂಚೆ ಕುಂಟಿತು. ಮರುವರ್ಷ ಅವನು ಕುದುರೆ ಬಿಟ್ಟು ತಾನೇ ಓಡಿದ: 23 ಗಂಟೆ 42 ನಿಮಿಷ. ಇವತ್ತು ಜಗತ್ತಿನ ಓಟಗಾರರೆಲ್ಲ ಕನಸು ಕಾಣುವ ವೆಸ್ಟರ್ನ್ ಸ್ಟೇಟ್ಸ್ 100 ಮೈಲಿ ಹುಟ್ಟಿದ್ದು ಹೀಗೆ, ಒಂದು ಕುಂಟು ಕುದುರೆಯಿಂದ. ಸವಾರಿ ಸ್ಪರ್ಧೆಯಲ್ಲಿ ದಾರಿಯುದ್ದಕ್ಕೂ ಪಶುವೈದ್ಯರು ನಿಂತಿರುತ್ತಾರೆ. ಕುದುರೆ ಕುಂಟಿದರೆ ಅಲ್ಲಿಗೆ ಮುಗೀತು, ಸವಾರ ಎಷ್ಟೇ ಗೋಗರೆದರೂ ಬಿಡಲ್ಲ. ನಮ್ಮೂರಲ್ಲೂ ಅಷ್ಟೇ, ಕುಂಟುವ ಎತ್ತಿಗೆ ಯಾರೂ ನೊಗ ಹೂಡಲ್ಲ. ನನ್ನ ಕಾಲಿನ ಸುದ್ದಿ ಫೋನಿನಲ್ಲಿ ಕೇಳಿದ ನಮ್ಮ ಕಾಕಾ ಮೊದಲು ನೆನಪಿಸಿದ್ದೂ ಇದನ್ನೇ.

ಆದರೆ ನೊಗ ಇಳಿಸಿ ಸುಮ್ಮನೆ ಕೂತರೂ ಅಕಿಲಿಸ್ ಗಟ್ಟಿಯಾಗಲ್ಲ. ಇದನ್ನು ತೋರಿಸಿದ್ದು ಸ್ವೀಡನ್ನಿನ ಮೂಳೆ ವೈದ್ಯ ಹೋಕನ್ ಅಲ್ಫ್ರೆಡ್‌ಸನ್. ಅವರಿಗೇ ಈ ನೋವಿತ್ತು. 1998ರಲ್ಲಿ 15 ಹವ್ಯಾಸಿ ಕ್ರೀಡಾಪಟುಗಳ ಮೇಲೆ 12 ವಾರದ ವ್ಯಾಯಾಮದ ಫಲ ಪ್ರಕಟಿಸಿದರು. ಮೆಟ್ಟಿಲಿನ ಅಂಚಿಗೆ ಮುಂಗಾಲಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನಕ್ಕೆ ಕೆಳಗಿಳಿಸೋದು. ಮೊಣಕಾಲು ನೆಟ್ಟಗಿಟ್ಟು 15ರಂತೆ ಮೂರು ಸಲ, ಬಗ್ಗಿಸಿ ಮೂರು ಸಲ, ದಿನಕ್ಕೆರಡು ಹೊತ್ತು. ಒಟ್ಟು 180. ಅಲ್ಲಿಯದೇ ಕಾರಿನ್ ಸಿಲ್ಬರ್ನಾಗೆಲ್ ತಂಡ 2007ರಲ್ಲಿ ಇನ್ನೊಂದು ಮಾತು ಸೇರಿಸಿತು: ಚಿಕಿತ್ಸೆ ನಡೆಯುವಾಗ ಹದದಲ್ಲಿ ಓಡಬಹುದು, ಸ್ವಲ್ಪ ನೋವಾದರೂ ಪರವಾಗಿಲ್ಲ, ಆದರೆ ಮರುದಿನ ಬೆಳಿಗ್ಗೆಗೆ ಅದು ಇಳಿದಿರಬೇಕು. ದಿಂಡಿಯದ್ದೂ ಇದೇ ಮಾತಲ್ಲವೇ? ನಿಲ್ಲಬೇಡ, ಓಡಲೂ ಬೇಡ, ಇವತ್ತಿನ ಮುಕ್ಕಾಂ ಮುಟ್ಟು.

ಹಂಗಾಗಿ ಎಕ್ಸೆಲ್ ಮುಚ್ಚಿ ಮನೆಯ ಗೋಡೆ ಮೇಲಿನ ಪಂಚಾಂಗದ ಕ್ಯಾಲೆಂಡರ್ ತೆಗೆದೆ. ನಮ್ಮ ಮೂರು ತಾಲ್ಲೂಕಿನವರು ನಡೆಯುವ ದಿನಗಳೇ ಅದರಲ್ಲಿ ಗುರುತಾಗಿವೆ. ಓದುವವರಿಗೂ ಉಪಯೋಗವಾಗಲಿ ಅಂತ ಪ್ಲ್ಯಾನ್ ಇಲ್ಲಿಡುತ್ತೇನೆ.

ಹೋಳಿ ಹುಣ್ಣಿಮೆಯಾದ ಮೇಲೆ ಕಲಬುರಗಿಯಲ್ಲಿ ಶರಣಬಸವೇಶ್ವರ ಜಾತ್ರೆ. ಶರಣರು ಹುಟ್ಟಿದ್ದು ಜೇವರ್ಗಿ ಕಡೆಯ ಅರಳಗುಂಡಗಿಯಲ್ಲಿ, ಹಳ್ಳಿಗಳಿಂದ ಜನ ನಡೆದೇ ಜಾತ್ರೆಗೆ ಬರ್ತಾರೆ. ನನ್ನ ಮೊದಲ ಮುಕ್ಕಾಂ ಇಲ್ಲಿಂದ: ಬರೀ ನಡಿಗೆ, ಜೊತೆಗೆ ಆ 180. ಹೋಳಿಯಿಂದ ಕಾರಹುಣ್ಣಿಮೆಗೆ ಮೂರು ಚಾಂದ್ರಮಾಸ, ಅಂದರೆ ಹನ್ನೆರಡು ವಾರದ ಮೇಲೆ ನಾಲ್ಕು ದಿನ. ಅಲ್ಫ್ರೆಡ್‌ಸನ್ನರ ಲೆಕ್ಕಕ್ಕೆ ಸರಿಯಾಗಿ ಕೂರುತ್ತೆ. ನಡುವೆ ಬೇಸಿಗೆ, ನಮ್ಮ ಕಡೆ 40 ಡಿಗ್ರಿ ದಾಟುವ ಬಿಸಿಲು. ಅದೂ ಆತುರಕ್ಕೆ ಕಡಿವಾಣವೇ.

ಕಾರಹುಣ್ಣಿಮೆಗೆ ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಸಂಜೆ ಕರಿ ಹರಿಯುತ್ತಾರೆ. ಬೆಳಗಿನ ಹತ್ತು ಹೆಜ್ಜೆ ನೋವಿಲ್ಲದೆ ಬಿದ್ದರೆ ಅಂದಿನಿಂದ ನನ್ನದೂ ಓಟ: ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ. ಮಳೆ ಬಿದ್ದರೆ ಎರಿ ಮಣ್ಣು ಬೂಟಿಗೆ ಮೆತ್ತಿ ಒಂದೊಂದು ಕಾಲು ಸೇರಿನ ಕಲ್ಲಾಗುತ್ತೆ. ಊರಿಗೆ ಹೋದಾಗ ಹೊಲದ ದಾರಿ ಬಿಟ್ಟು ಗರಸಿನ ದಾರಿ ಹಿಡಿಯೋದು. ಆಷಾಢ ಏಕಾದಶಿಗೆ ನಿಲ್ಲದೆ 5 ಕಿ.ಮೀ, ದಸರೆಗೆ 15.

ನಾಲ್ಕು ರೇಸಿನಲ್ಲಿ ಮೂರನ್ನು ಅಳಿಸಿದ್ದೇನೆ. ಉಳಿದದ್ದು ಒಂದೇ, ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳಲ್ಲಿ ನಡೆಯುವ ಮಲ್ನಾಡ್ ಅಲ್ಟ್ರಾ, ಅದರಲ್ಲೂ ಎಲ್ಲಕ್ಕಿಂತ ಕಡಿಮೆ ದೂರದ್ದು. ದಸರೆಯ ಮುಕ್ಕಾಂ ಮುಟ್ಟಿದರೆ ಮಾತ್ರ. ಮುಟ್ಟದಿದ್ದರೆ ಕಟ್ಟಿದ ಫೀ ಹೋಯಿತು ಅಂದುಕೊಂಡು ಗೆಳೆಯರಿಗೆ ನೀರು ಕೊಡಲು ಹೋಗ್ತೀನಿ.

ಮಾರ್ಗಶಿರ ಹುಣ್ಣಿಮೆ, ದತ್ತ ಜಯಂತಿ. ಅಫಜಲಪುರ ತಾಲ್ಲೂಕಿನಲ್ಲಿ ಭೀಮಾ-ಅಮರ್ಜಾ ಕೂಡುವಲ್ಲಿ ಗಾಣಗಾಪುರ ಇದೆ. ಗಾಣಗಾಪುರ ರೋಡ್ ಸ್ಟೇಷನ್ನಿನಿಂದ ಗುಡಿಗೆ ಸುಮಾರು 20 ಕಿ.ಮೀ. ಆ ದಾರಿಯನ್ನು ವಾಚ್ ಕಟ್ಟದೆ, ಯಾತ್ರಿಕರ ಜೊತೆ ನಡೆದು ಮುಗಿಸೋದು. ಆಮೇಲೆ ಎಳ್ಳಮಾವಾಸ್ಯೆ: ಆಳಂದದ ನಮ್ಮ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ ತಿಂದು ಎರಡು ವಾರ ಪೂರ್ತಿ ರಜೆ. ಮುಂದಿನ ವರ್ಷದ ರೇಸುಗಳ ಮಾತು ಅದಾದ ಮೇಲೆ.

ಇವತ್ತಿನ ಲೆಕ್ಕ ಹೇಳಿಬಿಡ್ತೀನಿ: ನಡಿಗೆ 2 ಕಿ.ಮೀ, ಹಿಮ್ಮಡಿ ಇಳಿಸಿದ್ದು 180ರಲ್ಲಿ 90. ಉಳಿದ 90 ಸಂಜೆಗೆ.