ಅಳತೆಕೋಲಿನಿಂದ ಅಳತೆಗೆರೆಗೆ: ಮನೆಬಿಯರಿನ ಹುದುಗುಪಾತ್ರೆಯ ಚರಿತ್ರೆ

ಕನ್ನಡ ಶಾಸನಗಳಲ್ಲಿ ಖಂಡುಗ, ಕೊಳಗ, ಬಳ್ಳ, ಮಾನ, ಸೊಲಗೆ ಮೊದಲಾದ ಅಳತೆಗಳ ಉಲ್ಲೇಖ ಹೇರಳವಾಗಿದೆ. ಅವುಗಳ ಪ್ರಮಾಣವನ್ನು ಕುರಿತು ನಮ್ಮ ವಿದ್ವಾಂಸರು ಸಾಕಷ್ಟು ಚರ್ಚೆ ನಡೆಸಿದ್ದಾರೆ. ಆದರೆ ಕೊಳಗವೆಂಬುದು ತಾನೇ ಅಳತೆಯಾಗಿರುವ ಪಾತ್ರೆ. ಬಾಯಿಯವರೆಗೆ ತುಂಬಿದರೆ ಅಳತೆ ಮುಗಿಯಿತು. ಅಳೆಯುವುದಕ್ಕಾಗಿ ಅಲ್ಲದೆ ಬೇರೊಂದು ಕೆಲಸಕ್ಕಾಗಿ ಮಾಡಿದ ಪಾತ್ರೆಯ ಮೈಮೇಲೆ ಅಳತೆಯ ಗುರುತು ಹೇಗೆ ಬಂದಿತು, ಅದನ್ನು ಯಾರು ಬರೆದರು, ಯಾರಿಗಾಗಿ ಬರೆದರು ಎಂಬ ಪ್ರಶ್ನೆಗಳು ಇನ್ನೂ ಬೇರೆಯೇ ಆದವು. ಬಿಯರ್ ಹುದುಗಿಸುವ ಪಾತ್ರೆಯನ್ನು ನಿದರ್ಶನವಾಗಿ ಇಟ್ಟುಕೊಂಡು ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಪಾತ್ರೆಯ ಚರಿತ್ರೆ ಮುಖ್ಯವಾಗಿ ಇಂಗ್ಲೆಂಡ್ ಮತ್ತು ಅಮೆರಿಕಗಳಿಗೆ ಸೇರಿದ್ದು. ಕನ್ನಡನಾಡಿನ ಸಂಗತಿಯೊಂದನ್ನು ಹೋಲಿಕೆಗಾಗಿ ಮಾತ್ರ ಕೊನೆಯಲ್ಲಿ ಎತ್ತಿಕೊಂಡಿದ್ದೇವೆ.

ಮೊದಲು ಸಮಸ್ಯೆಯ ಸ್ವರೂಪವನ್ನು ತಿಳಿಯೋಣ. ಮರದ ಪೀಪಾಯಿಯ ಹೊಟ್ಟೆ ಉಬ್ಬಿರುತ್ತದೆ, ತುದಿಗಳು ಕಿರಿದಾಗಿರುತ್ತವೆ. ಒಳಗಿರುವ ದ್ರವ ಹೊರಗೆ ಕಾಣುವುದಿಲ್ಲ. ಆಸ್ಟ್ರಿಯದ ಲಿಂಟ್ಸ್ ನಗರದಲ್ಲಿ ನೆಲೆಸಿದ್ದು 1613ರಲ್ಲಿ ಎರಡನೆಯ ಮದುವೆಯಾದ ಖಗೋಳವಿಜ್ಞಾನಿ ಯೋಹಾನೆಸ್ ಕೆಪ್ಲರ್ ಮನೆಗೆ ದ್ರಾಕ್ಷಾಮದ್ಯದ ಪೀಪಾಯಿಗಳನ್ನು ಕೊಂಡನು. ವ್ಯಾಪಾರಿಯು ಪೀಪಾಯಿಯ ನಡುವಣ ರಂಧ್ರದಿಂದ ಕೋಲೊಂದನ್ನು ಓರೆಯಾಗಿ ಇಳಿಸಿ, ಎದುರು ಮೂಲೆಗೆ ತಾಗುವವರೆಗಿನ ಉದ್ದವನ್ನು ಮಾತ್ರ ನೋಡಿ ಬೆಲೆ ಹೇಳಿದನು. ಪೀಪಾಯಿಯ ಆಕಾರವನ್ನು ಲೆಕ್ಕಿಸದ ಈ ಕ್ರಮ ಎಷ್ಟರಮಟ್ಟಿಗೆ ಸರಿ ಎಂಬ ಸಂಶಯದಿಂದ ಹುಟ್ಟಿದ ಕೆಪ್ಲರನ ಗ್ರಂಥ 1615ರಲ್ಲಿ ಪ್ರಕಟವಾಯಿತು. ಕಲನಗಣಿತದ ಪೂರ್ವಸೂಚನೆಯೆಂದು ಗಣಿತದ ಇತಿಹಾಸಕಾರರು ಆ ಗ್ರಂಥಕ್ಕೆ ಮನ್ನಣೆ ಕೊಟ್ಟಿದ್ದಾರೆ. ನಮಗೆ ಇಲ್ಲಿ ಮುಖ್ಯವಾದುದು ಬೇರೊಂದು ಅಂಶ: ಅಳತೆ ಪಾತ್ರೆಯಲ್ಲಿರಲಿಲ್ಲ, ಕೋಲಿನಲ್ಲಿತ್ತು, ಕೋಲು ವ್ಯಾಪಾರಿಯ ಕೈಯಲ್ಲಿತ್ತು.

ಇಂಗ್ಲೆಂಡಿನಲ್ಲಿ ಆ ಕೋಲು ಸರ್ಕಾರದ ಕೈಗೆ ಹೋಯಿತು. ಅಂತರ್ಯುದ್ಧದ ವೆಚ್ಚವನ್ನು ಭರಿಸಲು ಅಲ್ಲಿನ ಪಾರ್ಲಿಮೆಂಟು 1643ರಲ್ಲಿ ಬಿಯರ್ ಮೊದಲಾದ ಪದಾರ್ಥಗಳ ಮೇಲೆ ಅಬಕಾರಿ ಸುಂಕವನ್ನು ಹೇರಿತು. ಮುಂದೆ ಗುತ್ತಿಗೆದಾರರ ವಶದಲ್ಲಿದ್ದ ಸುಂಕವಸೂಲಿಯನ್ನು 1683ರಲ್ಲಿ ಸರ್ಕಾರವೇ ನೇರವಾಗಿ ವಹಿಸಿಕೊಂಡಿತು. ಅದೇ ವರ್ಷ ಥಾಮಸ್ ಎವರಾರ್ಡ್ ಎಂಬ ಅಬಕಾರಿ ಅಧಿಕಾರಿ ಪೀಪಾಯಿಗಳ ಗಾತ್ರವನ್ನು ಬೇಗನೆ ಲೆಕ್ಕಹಾಕಬಲ್ಲ ಜಾರುಪಟ್ಟಿಯೊಂದನ್ನು ರೂಪಿಸಿದನು. ಮಾರಾಟಕ್ಕಾಗಿ ಬಿಯರ್ ತಯಾರಿಸುವವರ ಬಳಿಗೆ ಅಧಿಕಾರಿ ಮೇಲಿಂದ ಮೇಲೆ ಹೋಗಿ, ಪ್ರತಿಯೊಂದು ಪಾತ್ರೆಯಲ್ಲಿಯೂ ಗೊತ್ತುಪಡಿಸಿದ ಒಂದೇ ಜಾಗದಲ್ಲಿ ಕೋಲನ್ನು ಅದ್ದಿ, ಒದ್ದೆಯಾದ ಉದ್ದವನ್ನು ಬರೆದುಕೊಳ್ಳುತ್ತಿದ್ದನು. ಜಾಗ ಒಂದೇ ಆಗಿರಬೇಕಾದುದಕ್ಕೆ ಕಾರಣವುಂಟು. ರಸ ಪೂರ್ತಿಯಾಗಿ ಬಸಿದುಹೋಗಲೆಂದು ದೊಡ್ಡ ತೊಟ್ಟಿಗಳ ತಳವನ್ನು ಓರೆಯಾಗಿ ಇಟ್ಟಿರುತ್ತಿದ್ದರು. ತಾಮ್ರದ ಹಂಡೆಗಳ ತಳ ನಡುವೆ ಉಬ್ಬಿರುತ್ತಿತ್ತು. ಆದುದರಿಂದ ತಳ ಮುಳುಗುವಷ್ಟು ನೀರನ್ನು ಮೊದಲು ಅಳೆದು ಹೊಯ್ದು, ಅಲ್ಲಿಂದ ಮೇಲಕ್ಕೆ ಅಂಗುಲಕ್ಕೆ ಎಷ್ಟು ಗ್ಯಾಲನ್ ಎಂಬ ಕೋಷ್ಟಕವನ್ನು ಪ್ರತಿ ಪಾತ್ರೆಗೂ ಬೇರೆಬೇರೆಯಾಗಿ ಸಿದ್ಧಪಡಿಸಬೇಕಾಗಿತ್ತು. ಒಂದು ಪಾತ್ರೆಯ ಕೋಷ್ಟಕ ಇನ್ನೊಂದಕ್ಕೆ ಒದಗುವುದಿಲ್ಲ ಎಂಬ ಅರಿವು ಈ ಅಧಿಕಾರಿಗಳಿಗೆ ಸ್ಪಷ್ಟವಾಗಿಯೇ ಇತ್ತು.

ಈ ಕೆಲಸದಲ್ಲಿದ್ದವರು ಸಾಮಾನ್ಯರಲ್ಲ. ಮುಂದೆ ಅಮೆರಿಕದ ಸ್ವಾತಂತ್ರ್ಯ ಹೋರಾಟದ ಪ್ರಖ್ಯಾತ ಲೇಖಕನಾದ ಥಾಮಸ್ ಪೇನ್ 1760ರ ದಶಕದಲ್ಲಿ ಅಬಕಾರಿ ನೌಕರನಾಗಿದ್ದನು. 1772ರಲ್ಲಿ ಆ ನೌಕರರ ವೇತನದ ಬಗೆಗೆ ಮನವಿಯೊಂದನ್ನು ಬರೆದನು. ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ ಕೂಡ 1789ರಿಂದ ಇದೇ ಕೆಲಸ ಮಾಡಿದನು. ಇತಿಹಾಸಕಾರ ಜಾನ್ ಬ್ರೂವರ್ 1989ರ ತನ್ನ ಗ್ರಂಥದಲ್ಲಿ ಬ್ರಿಟನ್ನಿನ ಯುದ್ಧಶಕ್ತಿಯ ಬೇರುಗಳನ್ನು ಈ ಅಬಕಾರಿ ವ್ಯವಸ್ಥೆಯಲ್ಲಿ ಗುರುತಿಸಿದ್ದಾನೆ. ಅಂದರೆ ಹುದುಗುಪಾತ್ರೆಯೊಳಗಿನ ದ್ರವದ ಎತ್ತರವು ರಾಜ್ಯದ ಬೊಕ್ಕಸಕ್ಕೆ ಸಂಬಂಧಿಸಿದ ವಿಷಯವಾಗಿತ್ತು. ಆ ಎತ್ತರದ ಅರ್ಥವನ್ನು ಹೇಳುವ ಕೋಷ್ಟಕ ಅಧಿಕಾರಿಯ ಪುಸ್ತಕದಲ್ಲಿತ್ತು. ಅಳತೆಯ ಮೂಲದಲ್ಲಿ ಇದ್ದುದು ಸಂಶಯ.

ಗ್ಯಾಲನ್ ಎಂಬುದೂ ಒಂದೇ ಆಗಿರಲಿಲ್ಲ. ರಾಜ್ಯದಾದ್ಯಂತ ದ್ರಾಕ್ಷಾಮದ್ಯಕ್ಕೆ ಒಂದು, ಏಲ್ ಎಂಬ ಬಿಯರಿಗೆ ಒಂದು, ಧಾನ್ಯಕ್ಕೆ ಒಂದು ಅಳತೆ ಇರಬೇಕೆಂದು 1215ರ ಮ್ಯಾಗ್ನ ಕಾರ್ಟ ವಿಧಿಸಿದ್ದರೂ, ಮದ್ಯದ ಗ್ಯಾಲನ್ 231 ಘನ ಅಂಗುಲ, ಬಿಯರಿನ ಗ್ಯಾಲನ್ 282 ಘನ ಅಂಗುಲ ಎಂಬ ಭೇದ ಬಹುಕಾಲ ಉಳಿಯಿತು. ಬ್ರಿಟನ್ 1824ರ ಕಾಯಿದೆಯಿಂದ ಇವೆರಡನ್ನೂ ಬಿಟ್ಟು, 62 ಡಿಗ್ರಿ ಫ್ಯಾರನ್‌ಹೀಟ್ ಉಷ್ಣತೆಯ 10 ಪೌಂಡು ನೀರಿನ ಗಾತ್ರವನ್ನು ಹೊಸ ಗ್ಯಾಲನ್ ಎಂದು ಅಂಗೀಕರಿಸಿತು. ಅಮೆರಿಕ ಹಳೆಯ ಮದ್ಯದ ಗ್ಯಾಲನನ್ನೇ ಉಳಿಸಿಕೊಂಡಿತು. ಇದರ ಪರಿಣಾಮವಾಗಿ ಬ್ರಿಟನ್ನಿನ 5 ಗ್ಯಾಲನ್ 22.73 ಲೀಟರ್ ಆದರೆ, ಅಮೆರಿಕದ 5 ಗ್ಯಾಲನ್ 18.93 ಲೀಟರ್ ಮಾತ್ರ.

ಇನ್ನು ಮನೆಯ ಪಾತ್ರೆಯ ವಿಚಾರ. ಸ್ವಂತ ಬಳಕೆಗಾಗಿ ಮನೆಯಲ್ಲಿ ತಯಾರಿಸುವ ಬಿಯರಿನ ಮೇಲೆ ಬಹುಕಾಲ ಈ ಸುಂಕವಿರಲಿಲ್ಲ. ಬಿಯರಿನ ಮೇಲಣ ಸುಂಕವೇ 1830ರಲ್ಲಿ ರದ್ದಾಗಿ, ಮಾಲ್ಟಿನ ಮೇಲಣ ತೆರಿಗೆ ಉಳಿಯಿತು. ಗ್ಲ್ಯಾಡ್‌ಸ್ಟನ್ 1880ರಲ್ಲಿ ಮಾಲ್ಟ್ ತೆರಿಗೆಯನ್ನು ತೆಗೆದು, ಹುದುಗುವ ಮೊದಲಿನ ಸಿಹಿರಸದ ಗಾತ್ರ ಮತ್ತು ಸಾಂದ್ರತೆಗಳ ಆಧಾರದ ಮೇಲೆ ಸುಂಕ ಗೊತ್ತುಪಡಿಸಿದಾಗ, ಮನೆಯಲ್ಲಿ ತಯಾರಿಸುವವರಿಗೂ ಪರವಾನಗಿ ಬೇಕಾಯಿತು. ಆ ನಿರ್ಬಂಧವನ್ನು 1963ರಲ್ಲಿ ಹಣಕಾಸು ಸಚಿವ ರೆಜಿನಾಲ್ಡ್ ಮಾಡ್ಲಿಂಗ್ ತೆಗೆದುಹಾಕಿದನು. ಅಮೆರಿಕದಲ್ಲಿ ಪಾನನಿಷೇಧ 1933ರಲ್ಲಿ ಕೊನೆಗೊಂಡರೂ ಮನೆಬಿಯರಿಗೆ ಕಾನೂನಿನ ಸಮ್ಮತಿ ದೊರೆತದ್ದು 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯಿದೆಯಿಂದ. ಆ ಕಾಯಿದೆಯೂ ಗಾತ್ರದ ಭಾಷೆಯಲ್ಲಿಯೇ ಮಾತಾಡುತ್ತದೆ: ವಯಸ್ಕರೊಬ್ಬರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿ ಇದ್ದರೆ 200 ಗ್ಯಾಲನ್.

ಕಾನೂನಿನ ಈ ಬದಲಾವಣೆಯ ಜೊತೆಗೆ ಪಾತ್ರೆಯೂ ಬದಲಾಯಿತು ಎಂಬುದು ಗಮನಾರ್ಹ. ಮರಕ್ಕೆ ಬದಲಾಗಿ ಗಾಜಿನ ದೊಡ್ಡ ಸೀಸೆ, ಬೆಳಕು ಹಾಯುವ ಪ್ಲಾಸ್ಟಿಕ್ ಬಕೆಟ್ಟು ಮನೆಗೆ ಬಂದವು. ದ್ರವದ ಮಟ್ಟ ಹೊರಗಿನಿಂದಲೇ ಕಾಣತೊಡಗಿತು. ಕೋಲು ಅದ್ದುವ ಅಗತ್ಯವಿಲ್ಲದೆ ಗೆರೆಯನ್ನು ಪಾತ್ರೆಯ ಗೋಡೆಗೇ ಬರೆಯುವುದು ಸಾಧ್ಯವಾಯಿತು. ಕೋಲಿನಲ್ಲಿಯೂ ಕೋಷ್ಟಕದಲ್ಲಿಯೂ ಇದ್ದ ಜ್ಞಾನವು ಪಾತ್ರೆಯ ಮೈಗೆ ಬಂದದ್ದು ಹೀಗೆ.

ಗೆರೆ ಬರೆಯುವ ಕ್ರಮವಾದರೋ ಹಳೆಯ ಅಧಿಕಾರಿಯ ಕ್ರಮವೇ. ಪಾತ್ರೆಯನ್ನು ಸಮತಟ್ಟಾದ ನೆಲದ ಮೇಲೆ ಇರಿಸಿ, ಒಂದೊಂದು ಲೀಟರ್ ನೀರನ್ನು ಅಳೆದು ಹೊಯ್ದು, ಕಣ್ಣನ್ನು ನೀರಿನ ಮಟ್ಟಕ್ಕೇ ತಂದು ಗುರುತು ಮಾಡುತ್ತಾರೆ. ಅಳತೆಪಾತ್ರೆಯನ್ನು ನಂಬದವರು ನೀರನ್ನು ತೂಗುತ್ತಾರೆ; 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು 998 ಗ್ರಾಂ ತೂಗುತ್ತದೆ. 1824ರ ಕಾಯಿದೆ ಗ್ಯಾಲನನ್ನು ಗೊತ್ತುಪಡಿಸಿದ್ದೂ ನೀರಿನ ತೂಕದಿಂದಲೇ ಎಂಬುದನ್ನು ಇಲ್ಲಿ ನೆನೆಯಬಹುದು. ಮೊದಲು ಅಂಟುಪಟ್ಟಿಯ ಮೇಲೆ ಬರೆದ ಗುರುತು ತೊಳೆದಂತೆಲ್ಲ ಕಳಚುವುದರಿಂದ ಅದನ್ನು ಶಾಶ್ವತಗೊಳಿಸುವ ಉಪಾಯಗಳು ಹುಟ್ಟಿದವು. ಗಾಜಿನ ಮೇಲೆ ಫ್ಲೋರೈಡ್ ಸಂಯುಕ್ತವಿರುವ ಲೇಪದಿಂದ ಮಸುಕುಗೆರೆ ಮೂಡಿಸುತ್ತಾರೆ. ಉಕ್ಕಿನ ಪಾತ್ರೆಯ ಮೇಲೆ ಉಪ್ಪು ಬೆರೆಸಿದ ವಿನೆಗರು ಮತ್ತು ಸಣ್ಣ ಬ್ಯಾಟರಿಯ ವಿದ್ಯುತ್ತಿನಿಂದ ಅಂಕಿಗಳನ್ನು ಕೊರೆಯುತ್ತಾರೆ. ಪ್ಲಾಸ್ಟಿಕ್ಕಿಗೆ ಹೊರಮೈಯಲ್ಲಿ ಮಾತ್ರ ಬಣ್ಣದ ಗೆರೆ. ಪ್ಲಾಸ್ಟಿಕ್ಕಿನ ಒಳಮೈಯನ್ನು ಗೀಚಿದರೆ ಆ ಗೀಚಿನಲ್ಲಿ ಬ್ಯಾಕ್ಟೀರಿಯಗಳು ಉಳಿದು ಬಿಯರ್ ಹುಳಿಯಾಗುತ್ತದೆ. ಗಾಜನ್ನು ಚೂಪಾದ ಮೊನೆಯಿಂದ ಆಳವಾಗಿ ಗೀರಿದರೆ ಬಿರುಕು ಅಲ್ಲಿಂದಲೇ ಹುಟ್ಟುತ್ತದೆ.

ಇಷ್ಟು ಶ್ರಮವೇಕೆ ಎಂದು ಕೇಳಬಹುದು. ಸಿಹಿರಸಕ್ಕೆ ನೀರು ಬೆರೆಸಿದರೆ ಒಳಗಿನ ಸಕ್ಕರೆ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. 1.050 ಸಾಪೇಕ್ಷ ಸಾಂದ್ರತೆಯ 20 ಲೀಟರ್ ರಸವನ್ನು 25 ಲೀಟರ್ ಮಾಡಿದರೆ ಸಾಂದ್ರತೆ 1.040ಕ್ಕೆ ಇಳಿಯುತ್ತದೆ, ಬಿಯರಿನ ಕಸುವೂ ಅದಕ್ಕೆ ತಕ್ಕಂತೆ ಇಳಿಯುತ್ತದೆ. ಅಮೆರಿಕದ ಪುಸ್ತಕದಲ್ಲಿ 5 ಗ್ಯಾಲನ್ ಎಂದು ಓದಿ ಬ್ರಿಟನ್ನಿನ ಬಕೆಟ್ಟಿನ 5ರ ಗೆರೆಯವರೆಗೆ ನೀರು ತುಂಬಿದವನಿಗೆ 1.050ರ ಬದಲು ಸುಮಾರು 1.042 ದೊರೆಯುತ್ತದೆ. ಕುದಿಯುವ ರಸ 20 ಡಿಗ್ರಿಗೆ ಆರುವಾಗ ಅದರ ಗಾತ್ರ ಸುಮಾರು ನೂರಕ್ಕೆ 4ರಷ್ಟು ಕುಗ್ಗುವುದರಿಂದ, ತಣ್ಣೀರಿನಿಂದ ಬರೆದ ಗೆರೆಯನ್ನು ಬಿಸಿರಸಕ್ಕೆ ಹಾಗೆಯೇ ಅನ್ವಯಿಸಿದರೂ ಲೆಕ್ಕ ತಪ್ಪುತ್ತದೆ. ಗೆರೆ ತನಗೆ ತಾನೇ ಸತ್ಯವನ್ನು ಹೇಳುವುದಿಲ್ಲ. ಯಾವ ಗ್ಯಾಲನ್, ಯಾವ ಉಷ್ಣತೆ ಎಂಬುದು ಜೊತೆಗಿರಬೇಕು.

ಹೋಲಿಕೆಗಾಗಿ ನಮ್ಮ ಕರಾವಳಿಯನ್ನು ನೋಡಬಹುದು. ಅಬಕಾರಿ ಎಂಬ ನಮ್ಮ ಆಡುಮಾತು ಪಾರಸಿಯಿಂದ ಬಂದದ್ದು. ಅಲ್ಲಿ ‘ಆಬ್’ ಎಂದರೆ ನೀರು, ‘ಕಾರಿ’ ಎಂದರೆ ಕೆಲಸ. ಮುಂಬಯಿ ಪ್ರಾಂತ್ಯದ 1878ರ ಮತ್ತು ಮದರಾಸು ಪ್ರಾಂತ್ಯದ 1886ರ ಅಬಕಾರಿ ಕಾಯಿದೆಗಳ ಕಾಲದಲ್ಲಿ ಉತ್ತರ ಕನ್ನಡವು ಮೊದಲನೆಯದಕ್ಕೂ ದಕ್ಷಿಣ ಕನ್ನಡವು ಎರಡನೆಯದಕ್ಕೂ ಸೇರಿದ್ದವು. ಕಳ್ಳು ಮರದ ಮೇಲೆ ಕಟ್ಟಿದ ಗಡಿಗೆಗೆ ತೊಟ್ಟಿಕ್ಕುವಾಗಲೇ ಹುದುಗತೊಡಗುತ್ತದೆ. ಕಾದು ಅಳೆಯುವಂಥ ತೊಟ್ಟಿ ಅಲ್ಲಿಲ್ಲ. ಆದುದರಿಂದ ಆಡಳಿತವು ಮರಕ್ಕೇ ತೆರಿಗೆ ಹಾಕಿ, ಇಳಿಸಲು ಅನುಮತಿ ಪಡೆದ ಮರಕ್ಕೆ ಗುರುತು ಹಾಕಿಸಿತು. ಇಂಗ್ಲೆಂಡಿನಲ್ಲಿ ಪಾತ್ರೆ ಹೊತ್ತ ಭಾರವನ್ನು ಇಲ್ಲಿ ಮರ ಹೊತ್ತಿತು. ಎರಡು ಕಡೆಯೂ ಗುರುತು ಹಾಕಿದವನು ಬೆಳೆದವನಲ್ಲ, ಹುದುಗಿಸಿದವನಲ್ಲ.

ಈ ಹಿನ್ನೆಲೆಯಲ್ಲಿ ಮನೆಬಿಯರಿನ ಪಾತ್ರೆಯ ಗೆರೆಗೆ ವಿಶೇಷವಾದ ಅರ್ಥವಿದೆ ಎಂದು ನಮ್ಮ ಅಭಿಪ್ರಾಯ. ಅದೇ ನೀರು, ಅದೇ ಲೆಕ್ಕ, ಪಾತ್ರೆಗೊಂದು ಪ್ರತ್ಯೇಕ ಕೋಷ್ಟಕವೆಂಬ ಅದೇ ನಿಯಮ. ಆದರೆ ಬರೆಯುವವನೂ ಓದುವವನೂ ಈಗ ಒಬ್ಬನೇ. ಇನ್ನೊಬ್ಬನನ್ನು ಹಿಡಿಯಲು ಹುಟ್ಟಿದ ಅಳತೆ ತನ್ನ ಕೆಲಸವನ್ನು ತಾನು ತಿದ್ದಿಕೊಳ್ಳುವ ಅಳತೆಯಾಗಿದೆ. ವಸ್ತುಸಂಗ್ರಹಾಲಯಗಳಲ್ಲಿಯೂ ಹಳೆಯ ಮನೆಗಳಲ್ಲಿಯೂ ಉಳಿದಿರುವ ಪಾತ್ರೆಗಳನ್ನು ನೋಡುವ ಸಂಶೋಧಕರು ಅವುಗಳ ಆಕಾರ, ಲೋಹಗಳೊಡನೆ ಅವುಗಳ ಮೇಲಿನ ಗೀಟು, ಮುದ್ರೆ, ಅಂಕಿಗಳನ್ನೂ ದಾಖಲಿಸಿಕೊಳ್ಳುವುದು ಅವಶ್ಯ. ಶಾಸನವನ್ನು ಓದುವಾಗ ಬರೆಸಿದವರು ಯಾರೆಂದು ನಾವು ಮೊದಲು ಕೇಳುತ್ತೇವೆ. ಪಾತ್ರೆಯ ಮೇಲಿನ ಒಂದು ಗೆರೆಯನ್ನು ಕುರಿತೂ ಅದೇ ಪ್ರಶ್ನೆಯನ್ನು ಕೇಳಬೇಕಾಗಿದೆ.