ಆಟದ ಬಯಲಿನಲ್ಲಿ ಸೇನಾಧಿಕಾರಿಯ ಮೊದಲ ಪಾಠ

ವಿಜಾಪುರ ಸೀಮೆಯ ಜಾತ್ರೆಗಳಲ್ಲಿ ತೇರು ಎಳೆದ ಮೇಲೆ ಜನ ಮುತ್ತುವುದು ಕುಸ್ತಿಯ ಕಣವನ್ನು. ಇಂಡಿ, ಸಿಂದಗಿ ಕಡೆಯ ಹಳ್ಳಿಯಾಗಲಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯದಾಗಲಿ, ಗರಡಿಯ ಮಣ್ಣು, ಎತ್ತಿ ತೋರಿಸುವ ಗುಂಡುಕಲ್ಲು ಅಲ್ಲಿಯವರಿಗೆ ಹೊಸದಲ್ಲ. ಗೆದ್ದ ಪೈಲ್ವಾನನ ಹೆಸರು ಊರೂರು ತಿರುಗುತ್ತದೆ. ಸೋತವನು ಮೈಮೇಲಿನ ಮಣ್ಣು ಕೊಡವಿಕೊಂಡು ಗುಂಪಿನಲ್ಲಿ ಮರೆಯಾಗುತ್ತಾನೆ.

ಇದೇ ಜಿಲ್ಲೆಯ ಮುಖ್ಯ ಪಟ್ಟಣದಲ್ಲಿ ಸೋಲು ಗೆಲುವಿಗೆ ಬೇರೆಯೇ ಲೆಕ್ಕವಿರುವ ಬಯಲೊಂದಿದೆ. ಅದು ಸೈನಿಕ ಶಾಲೆಯ ಮೈದಾನ.

ವಿ.ಕೆ. ಕೃಷ್ಣ ಮೆನನ್ ರಕ್ಷಣಾ ಸಚಿವರಾಗಿದ್ದಾಗ, 1961ರಲ್ಲಿ, ಸೈನಿಕ ಶಾಲೆಗಳ ಯೋಜನೆ ಆರಂಭವಾಯಿತು. ಸೇನೆಯ ಅಧಿಕಾರಿ ವರ್ಗಕ್ಕೆ ಕೆಲವೇ ಪ್ರಾಂತ್ಯಗಳಿಂದ, ಕೆಲವೇ ಅನುಕೂಲಸ್ಥ ಮನೆತನಗಳಿಂದ ಹುಡುಗರು ಬರುತ್ತಿದ್ದಾರೆ, ಇದು ಸರಿಹೋಗಬೇಕು ಎಂಬುದು ಅದರ ಹಿಂದಿನ ಆಶಯ. ಆಗಿನ ಮೈಸೂರು ರಾಜ್ಯದ ಪಾಲಿನ ಶಾಲೆ 1963ರ ಸೆಪ್ಟೆಂಬರ್ 16ರಂದು ವಿಜಾಪುರದಲ್ಲಿ ತೆರೆಯಿತು. ಮಳೆ ನಂಬಿ ಜೋಳ ಬಿತ್ತುವ ಬರದ ನಾಡಿನ ಹುಡುಗನಿಗೂ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಬಾಗಿಲು ಕಾಣುವಂತಾಯಿತು.

ಆದರೆ ಬಾಗಿಲು ಕಂಡ ಮಾತ್ರಕ್ಕೆ ಒಳಹೋಗಲಾದೀತೆ? ಸೈನಿಕ ಶಾಲೆಯಲ್ಲಿ ಕಲಿಕೆಯೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಶಾಲೆಯಿಂದ ಬಂದ ಹತ್ತು ಹನ್ನೊಂದರ ಬಾಲಕನಿಗೆ ತರಗತಿಯಲ್ಲಿ ಬಾಯಿ ತೆರೆಯುವುದೇ ಕಷ್ಟ. ಆಟದ ಬಯಲಿನಲ್ಲಿ ಆ ತೊಡಕಿಲ್ಲ. ಓಡುವುದಕ್ಕೆ, ಚೆಂಡು ಒದೆಯುವುದಕ್ಕೆ ವ್ಯಾಕರಣ ಬೇಕಾಗಿಲ್ಲ. ಅಲ್ಲಿ ಗಳಿಸಿದ ಧೈರ್ಯವೇ ಮುಂದೆ ತರಗತಿಯಲ್ಲೂ ನೆರವಿಗೆ ಬರುತ್ತದೆ.

ಶಾಲೆಯ ಹುಡುಗರನ್ನು ಹೌಸ್‌ಗಳಾಗಿ ಹಂಚುತ್ತಾರೆ. ಅವುಗಳ ಹೆಸರು ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ, ವಿಜಯನಗರ, ಆದಿಲ್‌ಶಾಹಿ, ಒಡೆಯರ್. ಮುದ್ದೇಬಿಹಾಳದ ಸೀಮೆಯಲ್ಲಿ ತಾಳೀಕೋಟೆಯ ಹೆಸರು ಹೊತ್ತ 1565ರ ಯುದ್ಧದಲ್ಲಿ ಎದುರಾಳಿಗಳಾಗಿದ್ದ ವಿಜಯನಗರವೂ ಆದಿಲ್‌ಶಾಹಿಯೂ ಇಲ್ಲಿ ಚೆಂಡಿನ ಹಿಂದೆ ಓಡುತ್ತವೆ. ಆಟ ಮುಗಿದ ಮೇಲೆ ಎರಡೂ ಪಾಳೆಯದವರು ಒಂದೇ ಊಟದ ಮನೆಗೆ ಹೋಗುತ್ತಾರೆ. ಹುಡುಗನೊಬ್ಬ ಗಳಿಸಿದ ಅಂಕ ಅವನೊಬ್ಬನದಲ್ಲ, ಅವನ ಹೌಸಿನದು. ಅವನ ಸೋಲೂ ಹಾಗೆಯೇ.

ಖಡಕ್‌ವಾಸ್ಲಾದಲ್ಲಿ ಹೌಸಿನ ಜಾಗಕ್ಕೆ ಸ್ಕ್ವಾಡ್ರನ್ ಬರುತ್ತದೆ. ಅಲ್ಲಿಯ ಗುಡ್ಡಗಾಡು ಓಟ ಕೆಡೆಟ್ ಜೀವನದ ದೊಡ್ಡ ಪರೀಕ್ಷೆಗಳಲ್ಲೊಂದು. ಮೊದಲು ಬಂದವನಿಗೆ ಕೀರ್ತಿಯೇನೋ ಉಂಟು. ಆದರೆ ಸ್ಕ್ವಾಡ್ರನ್ನಿನ ಸ್ಥಾನ ನಿಲ್ಲುವುದು ಎಲ್ಲರ ಓಟದ ಮೇಲೆ. ಆದ್ದರಿಂದ ಚುರುಕಿನವನು ಹಿಂದುಳಿದವನನ್ನು ಬಿಟ್ಟು ಹೋಗಿ ತಾನೊಬ್ಬನೇ ಗೆದ್ದೆ ಎನ್ನುವಂತಿಲ್ಲ. ತಿಂಗಳುಗಟ್ಟಲೆ ಅವನನ್ನೂ ಓಡಿಸಿ ಅಣಿಗೊಳಿಸಬೇಕು. ನಾಳೆ ತನ್ನ ತುಕಡಿಯ ಜವಾನರೊಡನೆ ಮಾಡಬೇಕಾದ ಕೆಲಸವೂ ಇದೇ ಅಲ್ಲವೆ?

ಈ ವಿಚಾರವನ್ನು ನಿಯಮವನ್ನಾಗಿ ಮಾಡಿದವರಲ್ಲಿ ಅಮೆರಿಕದ ಡಗ್ಲಸ್ ಮೆಕಾರ್ಥರ್ ಪ್ರಮುಖ. ಮೊದಲ ಮಹಾಯುದ್ಧದಿಂದ ಮರಳಿ 1919ರಲ್ಲಿ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯ ಮುಖ್ಯಸ್ಥನಾದ ಆತ, ಪ್ರತಿಯೊಬ್ಬ ಕೆಡೆಟ್ ಆಡಲೇಬೇಕೆಂದು ಕಟ್ಟಳೆ ಮಾಡಿದ. ಆಟದಲ್ಲಿ ಪಳಗಿದವರು ರಣರಂಗದಲ್ಲಿ ಉತ್ತಮ ನಾಯಕರಾದದ್ದನ್ನು ತಾನು ಕಂಡಿದ್ದೇನೆ ಎಂಬುದು ಅವನ ವಾದವಾಗಿತ್ತು.

ಅದೇ ವೆಸ್ಟ್ ಪಾಯಿಂಟ್ ಇನ್ನೊಂದು ಪಾಠವನ್ನೂ ಕಲಿಸಿದೆ. ಅಲ್ಲಿ ಎಲ್ಲರೂ ಆಡುವ ಆಟದ ಜೊತೆಗೆ, ಆಯ್ದ ತಂಡವೊಂದು ಹೊರಗಿನ ವಿಶ್ವವಿದ್ಯಾಲಯಗಳ ವಿರುದ್ಧ ಸಾವಿರಾರು ಪ್ರೇಕ್ಷಕರ ಮುಂದೆ ಆಡುವ ಪದ್ಧತಿಯೂ ಉಂಟು. ಭೂಸೇನೆ ಮತ್ತು ನೌಕಾಸೇನೆಗಳ ಅಕಾಡೆಮಿಗಳ ನಡುವೆ 1890ರಲ್ಲಿ ಆರಂಭವಾದ ಅಮೆರಿಕನ್ ಫುಟ್‌ಬಾಲ್ ಪಂದ್ಯ ಇಡೀ ದೇಶದ ಹಬ್ಬವಾಗಿ ಬೆಳೆಯಿತು. ಗೆಲುವಿನ ಹಸಿವೂ ಬೆಳೆಯಿತು. 1951ರಲ್ಲಿ ಪರೀಕ್ಷೆಯ ಪ್ರಶ್ನೆಗಳನ್ನು ಒಬ್ಬರಿಗೊಬ್ಬರು ಮೊದಲೇ ತಿಳಿಸಿ ಸಿಕ್ಕಿಬಿದ್ದ ಸುಮಾರು 90 ಕೆಡೆಟ್‌ಗಳು ಅಕಾಡೆಮಿ ಬಿಡಬೇಕಾಯಿತು. ಅವರಲ್ಲಿ ಫುಟ್‌ಬಾಲ್ ತಂಡದ ಆಟಗಾರರೇ ಅನೇಕರು. ಸಂಗಡಿಗನನ್ನು ಕೈಬಿಡಬಾರದೆಂದು ಬಯಲಿನಲ್ಲಿ ಕಲಿತ ಗುಣವೇ ಪರೀಕ್ಷಾ ಕೋಣೆಯಲ್ಲಿ ದಾರಿ ತಪ್ಪಿತ್ತು.

ನಮ್ಮ ಅಕಾಡೆಮಿಯಲ್ಲಿ ಸ್ಪರ್ಧೆಯ ಕಾವೆಲ್ಲ ಬಹುಮಟ್ಟಿಗೆ ಸ್ಕ್ವಾಡ್ರನ್‌ಗಳ ನಡುವೆಯೇ ಇದೆ. ಟಿಕೆಟ್ಟು, ಪ್ರೇಕ್ಷಕರು, ಪತ್ರಿಕೆಯ ತಲೆಬರಹಗಳ ಹಂಗು ಕಡಿಮೆ. ಹೊರಗಿನವರಿಗೆ ಇದು ಕೊರತೆಯೆಂದು ಕಂಡೀತು. ಆದರೆ ಅಧಿಕಾರಿಯನ್ನು ತಯಾರಿಸುವ ಜಾಗಕ್ಕೆ ಇದೇ ಒಂದು ರಕ್ಷೆ.

ಈ ಬಯಲು ಬಹುಕಾಲ ಗಂಡುಮಕ್ಕಳದೇ ಆಗಿತ್ತು. 2021-22ರಿಂದ ಸೈನಿಕ ಶಾಲೆಗಳೆಲ್ಲ ಹೆಣ್ಣುಮಕ್ಕಳಿಗೂ ತೆರೆದವು. 2022ರಲ್ಲಿ ಖಡಕ್‌ವಾಸ್ಲಾಕ್ಕೆ ಕಾಲಿಟ್ಟ ಮೊದಲ ಮಹಿಳಾ ತಂಡದ 17 ಕೆಡೆಟ್‌ಗಳು 2025ರಲ್ಲಿ ತೇರ್ಗಡೆಯಾಗಿ ಹೊರಬಂದರು. ಬರದ ನಾಡಿನ ರೈತನ ಮಗನಿಗೆ ತೆರೆದ ಬಾಗಿಲು ಮಗಳಿಗೆ ತೆರೆಯಲು ಆರು ದಶಕ ಹಿಡಿಯಿತು.

ಜಾತ್ರೆಯ ಕಣ ಒಬ್ಬ ಜಟ್ಟಿಯನ್ನು ಆರಿಸುತ್ತದೆ. ಸೈನಿಕ ಶಾಲೆಯ ಬಯಲಿಗೆ ಜಟ್ಟಿಯೊಬ್ಬ ಸಾಲದು. ಕೊನೆಯಲ್ಲಿ ಓಡಿ ಬರುತ್ತಿರುವವನು ಗುರಿ ಮುಟ್ಟುವವರೆಗೆ ಅಲ್ಲಿ ಪಂದ್ಯ ಮುಗಿಯುವುದಿಲ್ಲ.